ಕೊಲೆಸ್ಟ್ರಾಲ್: ಪದದ ಅರ್ಥ ಮತ್ತು ನಿತ್ಯಬಳಕೆ

ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಹಾಗೂ ತೀರ್ಥಹಳ್ಳಿ ತಾಲ್ಲೂಕುಗಳ ಗ್ರಾಮಾಂತರ ಪ್ರದೇಶಗಳಲ್ಲಿಯೂ ‘ಕೊಲೆಸ್ಟ್ರಾಲ್’ ಎಂಬ ಪದವು ಇಂದು ನಿತ್ಯದ ಮಾತಿನಲ್ಲಿ ಸೇರಿಹೋಗಿದೆ. ಆದರೆ ಈ ಪದವನ್ನು ಒಬ್ಬರು ಕಾಯಿಲೆ ಎಂಬ ಅರ್ಥದಲ್ಲಿಯೂ, ಮತ್ತೊಬ್ಬರು ಎಣ್ಣೆ-ತುಪ್ಪದ ಜಿಡ್ಡು ಎಂಬ ಅರ್ಥದಲ್ಲಿಯೂ, ಇನ್ನೊಬ್ಬರು ದೇಹದ ಬೊಜ್ಜು ಎಂಬ ಅರ್ಥದಲ್ಲಿಯೂ ಬಳಸುವುದು ಕಂಡುಬರುತ್ತದೆ. ಪದದ ಅರ್ಥ ತಪ್ಪಿದಲ್ಲಿ ಚಿಕಿತ್ಸೆಯೂ ತಪ್ಪುವ ಸಂಭವವಿರುವುದರಿಂದ, ಸಾರ್ವಜನಿಕರ ತಿಳಿವಳಿಕೆಗಾಗಿ ಈ ಕೆಳಗಿನ ಮಾಹಿತಿಯನ್ನು ನೀಡಲಾಗಿದೆ.

ಪದದ ಮೂಲ ಮತ್ತು ಅರ್ಥ

ಗ್ರೀಕ್ ಭಾಷೆಯಲ್ಲಿ ‘ಖೊಲೆ’ ಎಂದರೆ ಪಿತ್ತರಸ, ‘ಸ್ಟೆರಿಯೋಸ್’ ಎಂದರೆ ಗಟ್ಟಿಯಾದುದು. ಈ ವಸ್ತುವು ಮೊದಲಿಗೆ ಪಿತ್ತಕೋಶದ ಕಲ್ಲುಗಳಲ್ಲಿ ದೊರೆತುದರಿಂದ, ಫ್ರಾನ್ಸಿನ ರಸಾಯನ ವಿಜ್ಞಾನಿ ಷೆವ್ರಲ್ ಅವರು 1815ರಲ್ಲಿ ಇದಕ್ಕೆ ‘ಕೊಲೆಸ್ಟರಿನ್’ ಎಂದು ಹೆಸರಿಟ್ಟರು. ಇದು ಮೇಣದಂತಹ ಒಂದು ವಸ್ತು. ಜೀವಕೋಶಗಳ ಹೊರಪೊರೆಗೆ, ಕೆಲವು ಹಾರ್ಮೋನುಗಳ ಹಾಗೂ ‘ಡಿ’ ಜೀವಸತ್ವದ ತಯಾರಿಕೆಗೆ ಇದು ಅವಶ್ಯಕ. ಇದರ ಬಹುಪಾಲನ್ನು ದೇಹವೇ ತಯಾರಿಸಿಕೊಳ್ಳುತ್ತದೆ. ಅದರಲ್ಲಿ ಯಕೃತ್ತಿನ ಪಾತ್ರ ಪ್ರಮುಖವಾದುದು. ಆದುದರಿಂದ ‘ನನಗೆ ಕೊಲೆಸ್ಟ್ರಾಲ್ ಇದೆ’ ಎಂಬ ಮಾತು ಎಲ್ಲರಿಗೂ ಅನ್ವಯಿಸುತ್ತದೆ. ‘ಬಿ.ಪಿ. ಇದೆ’, ‘ಶುಗರ್ ಇದೆ’ ಎಂಬಂತೆಯೇ ಇದೂ ಒಂದು ಸಂಕ್ಷಿಪ್ತ ಮಾತಾಗಿದ್ದು, ‘ರಕ್ತದಲ್ಲಿ ಕೊಲೆಸ್ಟ್ರಾಲ್ ಪ್ರಮಾಣ ಹೆಚ್ಚಾಗಿದೆ’ ಎಂಬುದೇ ಇದರ ಸರಿಯಾದ ಅರ್ಥ.

‘ಒಳ್ಳೆಯದು’ ಮತ್ತು ‘ಕೆಟ್ಟದ್ದು’

ಕೊಲೆಸ್ಟ್ರಾಲ್‌ನಲ್ಲಿ ಒಳ್ಳೆಯದು, ಕೆಟ್ಟದ್ದು ಎಂಬ ಎರಡು ಜಾತಿಗಳಿಲ್ಲ. ಕೊಲೆಸ್ಟ್ರಾಲ್ ರಕ್ತದಲ್ಲಿ ಕರಗದೇ ಇರುವುದರಿಂದ ಅದನ್ನು ಸಾಗಿಸಲು ವಾಹಕ ಕಣಗಳು ಬೇಕಾಗುತ್ತವೆ. ಮಂಡಿಗೆ ಬರುವ ಲಾರಿ ಬೇರೆ ಬೇರೆಯಾದರೂ ಮೂಟೆಯೊಳಗಿನ ಅಡಿಕೆ ಒಂದೇ ಆಗಿರುವಂತೆ, ಇಲ್ಲಿಯೂ ವಾಹಕ ಬೇರೆ, ಸರಕು ಒಂದೇ. ಎಲ್.ಡಿ.ಎಲ್. ಎಂಬ ವಾಹಕವು ಕೊಲೆಸ್ಟ್ರಾಲನ್ನು ದೇಹದ ಭಾಗಗಳಿಗೆ ಒಯ್ಯುತ್ತದೆ. ಇದು ಹೆಚ್ಚಾದಾಗ ರಕ್ತನಾಳದ ಒಳಗೋಡೆಯಲ್ಲಿ ಶೇಖರಗೊಳ್ಳುತ್ತದೆ. ಎಚ್.ಡಿ.ಎಲ್. ಎಂಬುದು ಉಳಿಕೆಯನ್ನು ಯಕೃತ್ತಿಗೆ ಮರಳಿ ತರುತ್ತದೆ. ಈ ಕಾರಣದಿಂದ ಮೊದಲನೆಯದನ್ನು ‘ಕೆಟ್ಟ’, ಎರಡನೆಯದನ್ನು ‘ಒಳ್ಳೆಯ’ ಕೊಲೆಸ್ಟ್ರಾಲ್ ಎಂದು ಕರೆಯುವ ರೂಢಿ ಬಂದಿದೆ.

‘ಕೊಲೆಸ್ಟ್ರಾಲ್ ಇಲ್ಲ’ ಎಂಬ ಮಾತು

ಕೊಲೆಸ್ಟ್ರಾಲ್ ಪ್ರಾಣಿಜನ್ಯ ಆಹಾರಗಳಾದ ಮೊಟ್ಟೆಯ ಹಳದಿ ಭಾಗ, ಮಾಂಸ, ಹಾಲು, ಬೆಣ್ಣೆ ಮತ್ತು ತುಪ್ಪಗಳಲ್ಲಿರುತ್ತದೆ. ಅಡುಗೆಗೆ ಬಳಸುವ ಯಾವುದೇ ಸಸ್ಯಜನ್ಯ ಎಣ್ಣೆಯಲ್ಲಿ ಅದು ಗಣನೀಯ ಪ್ರಮಾಣದಲ್ಲಿ ಇರುವುದಿಲ್ಲ. ಮಲೆನಾಡಿನ ಮನೆಗಳಲ್ಲಿ ಕಾಡಿನ ಬೀಜಗಳಿಂದ ತೆಗೆಯುವ ಉಪ್ಪಾಗೆ ತುಪ್ಪ ಮತ್ತು ಮುರುಗಲು ತುಪ್ಪಗಳು ಹೆಸರಿನಲ್ಲಿ ತುಪ್ಪವಾದರೂ ಸಸ್ಯಜನ್ಯವಾದುದರಿಂದ ಇವುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಆದರೆ ‘ಕೊಲೆಸ್ಟ್ರಾಲ್ ಇಲ್ಲ’ ಎಂದರೆ ‘ಕೊಬ್ಬು ಇಲ್ಲ’ ಎಂದಾಗಲೀ, ‘ಎಷ್ಟು ಬೇಕಾದರೂ ಬಳಸಬಹುದು’ ಎಂದಾಗಲೀ ಅರ್ಥವಲ್ಲ. ಎಣ್ಣೆ ಯಾವುದೇ ಆದರೂ ಅದು ಸಂಪೂರ್ಣವಾಗಿ ಕೊಬ್ಬೇ ಆಗಿರುತ್ತದೆ. ಆಹಾರದಲ್ಲಿನ ಕೊಲೆಸ್ಟ್ರಾಲ್‌ಗಿಂತಲೂ ಪರ್ಯಾಪ್ತ ಕೊಬ್ಬು ರಕ್ತದ ಎಲ್.ಡಿ.ಎಲ್. ಪ್ರಮಾಣವನ್ನು ಸಾಮಾನ್ಯವಾಗಿ ಹೆಚ್ಚು ಏರಿಸುತ್ತದೆ. ಕೊಲೆಸ್ಟ್ರಾಲ್ ಇಲ್ಲದ ಕೊಬ್ಬರಿ ಎಣ್ಣೆಯಲ್ಲಿಯೇ ಪರ್ಯಾಪ್ತ ಕೊಬ್ಬು ಸುಮಾರು ಶೇ. 90ರಷ್ಟಿರುತ್ತದೆ. ಆದುದರಿಂದ ಪೊಟ್ಟಣದ ಮುಂಭಾಗದ ಘೋಷಣೆಯನ್ನಷ್ಟೇ ನೋಡದೆ, ಹಿಂಬದಿಯ ಪೌಷ್ಟಿಕಾಂಶ ಪಟ್ಟಿಯಲ್ಲಿ ‘ಸ್ಯಾಚುರೇಟೆಡ್ ಫ್ಯಾಟ್’ ಎಂದು ನಮೂದಿಸಿರುವ ಅಂಕಿಯನ್ನು ಗಮನಿಸುವುದು ಸೂಕ್ತ.

‘ಸಪೂರ ಇದ್ದವರಿಗೆ ಬಾರದು’ ಎಂಬ ನಂಬಿಕೆ

‘ದಿನವಿಡೀ ತೋಟ, ಗದ್ದೆ ಸುತ್ತುವವರಿಗೆ ಕೊಲೆಸ್ಟ್ರಾಲ್ ಎಲ್ಲಿಂದ ಬರಬೇಕು’ ಎಂಬ ಮಾತು ಸಾಮಾನ್ಯ. ದೈಹಿಕ ಶ್ರಮದಿಂದ ಹೃದಯಕ್ಕೆ ಅನುಕೂಲವಿದೆ ಎಂಬುದು ನಿಜ. ಆದಾಗ್ಯೂ ವಂಶವಾಹಿ ಕಾರಣಗಳಿಂದ, ಥೈರಾಯ್ಡ್ ಗ್ರಂಥಿಯ ಸ್ರಾವದ ಕೊರತೆಯಿಂದ ಅಥವಾ ಮಧುಮೇಹದ ಕಾರಣದಿಂದ ಸಪೂರ ದೇಹದವರಲ್ಲಿಯೂ ಏರುಪೇರಾಗಬಹುದು. ಇದಕ್ಕೆ ನೋವು, ಸುಸ್ತು ಮುಂತಾದ ಯಾವುದೇ ಮುನ್ಸೂಚನೆ ಸಾಮಾನ್ಯವಾಗಿ ಇರುವುದಿಲ್ಲ. ರಕ್ತಪರೀಕ್ಷೆಯೊಂದೇ ಇದನ್ನು ತಿಳಿಯುವ ಮಾರ್ಗ.

ವರದಿಯನ್ನು ಓದುವ ಬಗೆ

ಪ್ರಯೋಗಾಲಯದ ವರದಿಯಲ್ಲಿ ಪ್ರಮಾಣವನ್ನು ಪ್ರತಿ ಡೆಸಿಲೀಟರ್‌ಗೆ ಮಿಲಿಗ್ರಾಂಗಳಲ್ಲಿ ನೀಡಲಾಗಿರುತ್ತದೆ. ವಯಸ್ಕರಲ್ಲಿ ಸಾಮಾನ್ಯವಾಗಿ ಒಟ್ಟು ಕೊಲೆಸ್ಟ್ರಾಲ್ 200ಕ್ಕಿಂತ ಕಡಿಮೆ, ಎಲ್.ಡಿ.ಎಲ್. 100ಕ್ಕಿಂತ ಕಡಿಮೆ ಇರುವುದು ಅಪೇಕ್ಷಣೀಯ. ಎಚ್.ಡಿ.ಎಲ್. ಪುರುಷರಲ್ಲಿ 40ಕ್ಕಿಂತ, ಮಹಿಳೆಯರಲ್ಲಿ 50ಕ್ಕಿಂತ ಕಡಿಮೆ ಇರಬಾರದು. ಒಟ್ಟು ಮೊತ್ತವೊಂದನ್ನೇ ನೋಡಿ ತೀರ್ಮಾನಿಸುವುದು ಸರಿಯಲ್ಲ. ಬಿಡಿ ಬಾಬ್ತುಗಳನ್ನೂ ನೋಡಬೇಕು. ಈಗಾಗಲೇ ಹೃದಯಾಘಾತವಾದವರಿಗೆ ಎಲ್.ಡಿ.ಎಲ್. 70ಕ್ಕಿಂತಲೂ ಕೆಳಗಿರಬೇಕೆಂದು ವೈದ್ಯರು ಸೂಚಿಸುತ್ತಾರೆ. ಒಬ್ಬರ ಪಾಲಿಗೆ ಸರಿಯಾದ ಅಂಕಿ ಮತ್ತೊಬ್ಬರಿಗೆ ಹೆಚ್ಚೇ ಆಗಿರಬಹುದು.

‘ವರದಿ ನಾರ್ಮಲ್ ಬಂದಿದೆ’ ಎಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು ಅಪಾಯಕರ. ಮಾತ್ರೆಯ ಪರಿಣಾಮವಾಗಿಯೇ ಅಂಕಿ ಇಳಿದಿರುತ್ತದೆ. ಅದನ್ನು ನಿಲ್ಲಿಸಿದ ಕೆಲವೇ ವಾರಗಳಲ್ಲಿ ಸಾಮಾನ್ಯವಾಗಿ ಮತ್ತೆ ಏರುತ್ತದೆ.

ತುರ್ತು ಸಂದರ್ಭದಲ್ಲಿ

ಎದೆಯಲ್ಲಿ ಬಿಗಿತ ಅಥವಾ ಭಾರ, ಎಡತೋಳು ಇಲ್ಲವೇ ದವಡೆಗೆ ಹರಡುವ ನೋವು, ತಣ್ಣನೆಯ ಬೆವರು, ಉಸಿರಾಟದ ತೊಂದರೆ ಕಂಡುಬಂದಲ್ಲಿ ‘ಗ್ಯಾಸ್ಟ್ರಿಕ್’ ಎಂದು ಭಾವಿಸಿ ಕಷಾಯ ಕುಡಿದು ಬೆಳಗಾಗುವವರೆಗೆ ಕಾಯಬಾರದು. ಈ ಮೂರೂ ತಾಲ್ಲೂಕು ಕೇಂದ್ರಗಳಿಂದ ಜಿಲ್ಲಾ ಕೇಂದ್ರವಾದ ಶಿವಮೊಗ್ಗಕ್ಕೆ ಸುಮಾರು 60ರಿಂದ 70 ಕಿ.ಮೀ. ದೂರವಿದೆ, ಒಳಭಾಗದ ಹಳ್ಳಿಗಳಿಗೆ ಇನ್ನೂ ಹೆಚ್ಚು. ಹಿನ್ನೀರಿನಾಚೆಯ ತುಮರಿ ಭಾಗಕ್ಕೆ 2025ರ ಜುಲೈನಲ್ಲಿ ಸೇತುವೆ ತೆರೆದಿರುವುದರಿಂದ ಲಾಂಚ್‌ಗಾಗಿ ಕಾಯುವುದು ತಪ್ಪಿದೆಯಾದರೂ, ಮನೆಯಲ್ಲಿಯೇ ಕಳೆದುಹೋದ ಸಮಯವನ್ನು ಯಾವ ಸೇತುವೆಯೂ ತುಂಬಿಕೊಡಲಾರದು. ಕೂಡಲೇ 108ಕ್ಕೆ ಕರೆ ಮಾಡಿ ಸಮೀಪದ ಸರ್ಕಾರಿ ಆಸ್ಪತ್ರೆಗೆ ತೆರಳಿ ಇಸಿಜಿ ಮಾಡಿಸಿಕೊಳ್ಳಬೇಕು. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಸರ್ಕಾರಿ ಆಸ್ಪತ್ರೆಗಳಲ್ಲಿ, ಅಗತ್ಯವಿರುವವರಿಗೆ ರಕ್ತದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ನೀಡಲು ಅವಕಾಶ ಕಲ್ಪಿಸಲಾಗಿದೆ.

30 ವರ್ಷ ಮೇಲ್ಪಟ್ಟವರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ ಹಾಗೂ ಸಕ್ಕರೆ ಪ್ರಮಾಣವನ್ನು ತಪಾಸಣೆ ಮಾಡಿಸಿಕೊಂಡು, ಕೊಲೆಸ್ಟ್ರಾಲ್ ಪರೀಕ್ಷೆಯ ಅಗತ್ಯದ ಬಗ್ಗೆ ವೈದ್ಯರಲ್ಲಿ ವಿಚಾರಿಸುವುದು. ಬೀಡಿ, ಸಿಗರೇಟು ಹಾಗೂ ಎಲೆ-ಅಡಿಕೆಯೊಂದಿಗೆ ಹೊಗೆಸೊಪ್ಪಿನ ಸೇವನೆಯನ್ನು ತ್ಯಜಿಸುವುದು. ‘ಕೊಲೆಸ್ಟ್ರಾಲ್ ಇದೆಯೇ?’ ಎಂದು ಕೇಳುವ ಬದಲು ‘ಯಾವುದು, ಎಷ್ಟಿದೆ, ನನಗೆ ಎಷ್ಟಿರಬೇಕು?’ ಎಂದು ವೈದ್ಯರನ್ನು ಕೇಳಿ ತಿಳಿದುಕೊಳ್ಳಬೇಕಾಗಿ ಸಾರ್ವಜನಿಕರಲ್ಲಿ ಕೋರಲಾಗಿದೆ.