ತಪ್ಪು ಮಿರ್ಚಿಯದಲ್ಲ, ನೀರಿನದು

ಹುಡುಗ ಪಿ.ಯು.ಸಿ. ಮುಗಿಸಿ ಧಾರವಾಡದ ಹಾಸ್ಟೆಲ್ ಸೇರಿ ಮೂರು ತಿಂಗಳಾಗಿತ್ತು. ನಾಲ್ಕು ದಿನದಿಂದ ಜ್ವರ, ಊಟ ಕಂಡರೆ ವಾಕರಿಕೆ, ಮೂತ್ರ ಕಡು ಚಹಾದ ಬಣ್ಣ. ನನ್ನ ಬಳಿ ಬಂದಾಗ ಕಣ್ಣಿನ ಬಿಳಿಯ ಭಾಗ ಹಳದಿಯಾಗಿತ್ತು. ರಕ್ತಪರೀಕ್ಷೆಯಲ್ಲಿ ಹೆಪಟೈಟಿಸ್ 'ಎ' ಕಾಮಾಲೆ ಎಂದು ಖಚಿತವಾಯಿತು. ಮೊದಲ ಸೆಮಿಸ್ಟರ್ ಪರೀಕ್ಷೆ ತಪ್ಪಿಹೋಯಿತು. ಕರೆದೊಯ್ಯಲು ಬಂದ ತಾಯಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ದಿನಾ ಸಂಜೀಕ ಮಿರ್ಚಿ ತಿಂತಿದ್ದನಂತ್ರೀ ಡಾಕ್ಟ್ರ, ಅದರಿಂದನ ಆತೇನ್ರಿ?"

ಅಲ್ಲ. ಕುದಿಯುವ ಎಣ್ಣೆಯಿಂದ ಆಗತಾನೆ ತೆಗೆದ ಮಿರ್ಚಿಯಲ್ಲಿ ಕಾಮಾಲೆಯ ವೈರಸ್ ಬದುಕುವುದಿಲ್ಲ. ಅದು ಬರುವುದು ರೋಗಿಯ ಮಲದಿಂದ ಕಲುಷಿತವಾದ ನೀರು, ಕೈ ಮತ್ತು ಹಸಿ ಆಹಾರದ ಮೂಲಕ. ಟೈಫಾಯಿಡ್ ಬರುವ ದಾರಿಯೂ ಇದೇ.

ಕಾಲೇಜುಗಳ ಊರು

1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾದಾಗಿನಿಂದ ಧಾರವಾಡ ಓದುವ ಮಕ್ಕಳ ಊರು. ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯಗಳ ಜತೆಗೆ 2016ರಿಂದ ಐ.ಐ.ಟಿ.ಯೂ ಸೇರಿದೆ. ಇಲ್ಲಿಗೆ ಬಂದ ಮಕ್ಕಳಿಗೆ ಹೊರಗೆ ತಿನ್ನಬೇಡಿ ಎಂದು ಹೇಳಿ ಪ್ರಯೋಜನವಿಲ್ಲ. ಗಿರ್ಮಿಟ್ ತಿನ್ನದೆ ಧಾರವಾಡದಲ್ಲಿ ಪದವಿ ಪಡೆದವರನ್ನು ನಾನಂತೂ ನೋಡಿಲ್ಲ. ಏನನ್ನು ಹೇಗೆ ತಿನ್ನಬೇಕು ಎಂದು ಹೇಳಿಕೊಡುವುದೇ ಮೇಲು.

ತಟ್ಟೆಯಲ್ಲಿ ಏನಿದೆ?

ಖಾನಾವಳಿಯ ಊಟ ವಿದ್ಯಾರ್ಥಿಗೆ ಒಳ್ಳೆಯ ಊಟ. ಹಂಚಿನಿಂದ ಇಳಿದ ಬಿಸಿ ಜೋಳದ ರೊಟ್ಟಿ, ಕಾಳಿನ ಪಲ್ಯ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ ಇವುಗಳಲ್ಲಿ ಪ್ರೋಟೀನ್ ಮತ್ತು ನಾರು ಎರಡೂ ಇವೆ. ಎಚ್ಚರ ಬೇಕಾದದ್ದು ಪಕ್ಕದಲ್ಲಿ ಇಡುವ ಹಸಿ ಮೆಂತ್ಯ ಸೊಪ್ಪು, ಸೌತೆಕಾಯಿ, ಉಳ್ಳಾಗಡ್ಡಿಯ ವಿಷಯದಲ್ಲಿ. ಅವನ್ನು ಯಾವ ನೀರಿನಲ್ಲಿ ತೊಳೆದರೋ ನಿಮಗೆ ಗೊತ್ತಿಲ್ಲದಿದ್ದರೆ ಬಿಟ್ಟುಬಿಡಿ.

ಗಿರ್ಮಿಟ್‌ಗೂ ಇದೇ ಮಾತು. ಚುರುಮುರಿ ಒಣ ಪದಾರ್ಥ, ಒಗ್ಗರಣೆಯ ಗೊಜ್ಜು ಬೆಂದದ್ದು. ಮೇಲೆ ಉದುರಿಸುವ ಹಸಿ ಉಳ್ಳಾಗಡ್ಡಿ, ಕೊತ್ತಂಬರಿಯನ್ನು ಎದುರಿಗೇ ಹೆಚ್ಚಿಕೊಟ್ಟರೆ ಒಳ್ಳೆಯದು. ಮಧ್ಯಾಹ್ನವೇ ಹೆಚ್ಚಿಟ್ಟದ್ದಾದರೆ ಬೇಡ ಎನ್ನಿ. ಒಂದೇ ಬಕೆಟ್ಟಿನ ನೀರಿನಲ್ಲಿ ಸಂಜೆಯೆಲ್ಲ ಅದ್ದಿ ತೆಗೆಯುವ ತಟ್ಟೆಗಿಂತ ಕಾಗದದ ತಟ್ಟೆ ವಾಸಿ. ಮಿರ್ಚಿಯ ಎಣ್ಣೆ ಕಪ್ಪಾಗಿ ಹೊಗೆಯಾಡುತ್ತಿದ್ದರೆ ಮುಂದಿನ ಗಾಡಿಗೆ ನಡೆಯಿರಿ. ಫೇಡೆ ಬೇಗ ಕೆಡುವುದಿಲ್ಲ, ಆದರೆ ಅದರಲ್ಲಿ ಸಕ್ಕರೆ ಧಾರಾಳ. ಒಂದು ಸಾಕು.

ಲೋಟದಲ್ಲಿ ಏನಿದೆ?

ಕುದಿಸಿದ ಚಹಾ ಕ್ಷೇಮ. ಮಜ್ಜಿಗೆ, ಕಬ್ಬಿನ ಹಾಲು, ಪಾನಿಪುರಿಯ ನೀರು ಕುದಿಸಿದವಲ್ಲ. ಮಂಜುಗಡ್ಡೆಯ ತಣ್ಣನೆಗೆ ರೋಗಾಣು ಸಾಯುವುದಿಲ್ಲ. ವಿಚಿತ್ರವೆಂದರೆ, ಕಾಮಾಲೆಯಾದವರಿಗೆ ಔಷಧಿಯೆಂದು ಬೀದಿಯ ಕಬ್ಬಿನ ಹಾಲನ್ನೇ ಕುಡಿಸುವವರಿದ್ದಾರೆ! ಹಾಸ್ಟೆಲಿನಿಂದ ಹೊರಡುವಾಗ ಕುದಿಸಿ ಆರಿಸಿದ ಅಥವಾ ಶುದ್ಧೀಕರಿಸಿದ ನೀರಿನ ಬಾಟಲಿ ಚೀಲದಲ್ಲಿರಲಿ. ತಿನ್ನುವ ಮೊದಲು, ಶೌಚದ ನಂತರ ಸಾಬೂನಿನಿಂದ ಕೈ ತೊಳೆಯಿರಿ.

ಇನ್ನೊಂದು 'ಕುಡಿಯುವುದರ' ಬಗ್ಗೆಯೂ ಹೇಳಲೇಬೇಕು. ಗೆಳೆಯರ ಒತ್ತಾಯಕ್ಕೆ ಶುರುವಾಗುವ ಮದ್ಯ ಪಿತ್ತಜನಕಾಂಗಕ್ಕೆ ನೇರ ಪೆಟ್ಟು. ಕುಡಿದು ಬೈಕ್ ಹತ್ತುವುದು, ದಾಂಡೇಲಿಗೆ ಹೋಗಿ ಹೊಳೆಗಿಳಿಯುವುದು ಪ್ರಾಣಕ್ಕೇ ಅಪಾಯ. ಮೋಜಿಗೆ ಧಾರವಾಡದಲ್ಲಿ ಕೊರತೆಯಿಲ್ಲ. ಸಾಧನಕೇರಿಯ ದಂಡೆಯಲ್ಲಿ ಸಂಜೆಯ ನಡಿಗೆ, 1890ರಲ್ಲಿ ಸ್ಥಾಪನೆಯಾದ ವಿದ್ಯಾವರ್ಧಕ ಸಂಘದಲ್ಲಿ ಒಂದು ಉಪನ್ಯಾಸ, ಮಲ್ಲಿಕಾರ್ಜುನ ಮನ್ಸೂರರು ಬಾಳಿದ ಈ ಊರಿನಲ್ಲಿ ಒಂದು ಸಂಗೀತ ಕಛೇರಿ. ಇವುಗಳಿಂದ ಮರುದಿನ ತಲೆನೋವು ಬರುವುದಿಲ್ಲ.

ಕಾಮಾಲೆ ಬಂದರೆ

ವೈರಸ್ ಒಳಹೊಕ್ಕು ಸುಮಾರು ನಾಲ್ಕು ವಾರಗಳ ನಂತರ ರೋಗ ಕಾಣಿಸುತ್ತದೆ. ಆದ್ದರಿಂದ ನಿನ್ನೆ ತಿಂದದ್ದನ್ನು ದೂರಬೇಡಿ. ಕಣ್ಣು ಹಳದಿಯಾಗುವ ಎರಡು ವಾರ ಮೊದಲಿನಿಂದಲೇ ರೋಗಿ ಇತರರಿಗೆ ರೋಗ ಹರಡಬಲ್ಲ. ಅದಕ್ಕೇ ಒಬ್ಬನಿಗೆ ಬಂದರೆ ಕೂಡಲೇ ವಾರ್ಡನ್‌ಗೆ ತಿಳಿಸಬೇಕು; ಮುಚ್ಚಿಡಬಾರದು.

ಈ ರೋಗಕ್ಕೆ ವೈರಸ್ ಕೊಲ್ಲುವ ಮದ್ದಿಲ್ಲ. ವಿಶ್ರಾಂತಿ, ಸಾಕಷ್ಟು ನೀರು, ಹಿಡಿಸುವಷ್ಟು ಊಟದಿಂದ ಬಹುಪಾಲು ಜನ ತಾವೇ ಗುಣಹೊಂದುತ್ತಾರೆ. ಬರೆ ಹಾಕಿಸುವುದು, ಹೆಸರು ತಿಳಿಯದ ಬೇರಿನ ರಸ ಕುಡಿಸುವುದು ಬೇಡವೇ ಬೇಡ. ಜ್ವರದ ಮಾತ್ರೆಯನ್ನೂ ವೈದ್ಯರನ್ನು ಕೇಳಿಯೇ ನುಂಗಿ. ವಾಂತಿ ನಿಲ್ಲದಿದ್ದರೆ, ಮಂಪರು ಅಥವಾ ಅಸಂಬದ್ಧ ಮಾತು ಕಂಡರೆ, ವಸಡಿನಿಂದ ರಕ್ತ ಬಂದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಸೇರಿಸಿ.

ತಂದೆ-ತಾಯಿಯರೇ, ಹೆಪಟೈಟಿಸ್ 'ಎ' ಮತ್ತು ಟೈಫಾಯಿಡ್ ಎರಡಕ್ಕೂ ಲಸಿಕೆಗಳಿವೆ. ಮಕ್ಕಳು ಹಾಸ್ಟೆಲಿಗೆ ಹೊರಡುವ ಮೂರು-ನಾಲ್ಕು ವಾರ ಮೊದಲೇ ನಿಮ್ಮ ವೈದ್ಯರನ್ನು ಕಾಣಿರಿ. ಹಾಸಿಗೆ, ಟ್ರಂಕು, ಉಪ್ಪಿನಕಾಯಿ ಹೊಂದಿಸುವಾಗ ಇದನ್ನೂ ಪಟ್ಟಿಗೆ ಸೇರಿಸಿ. ಆಮೇಲೆ ರಾತ್ರಿ ಫೋನಿನಲ್ಲಿ 'ಊಟ ಆಯಿತೇ?' ಎಂದು ಕೇಳುವಾಗ ಇನ್ನೊಂದು ಪ್ರಶ್ನೆಯೂ ಇರಲಿ: 'ನೀರು ಎಲ್ಲಿಯದು ಕುಡಿದೆ?'

ಆ ಹುಡುಗ ಗುಣವಾಗಿ ಕಾಲೇಜಿಗೆ ಮರಳಿದ್ದಾನೆ. ಮಿರ್ಚಿಯನ್ನು ಬಿಟ್ಟಿಲ್ಲ. ನೀರಿನ ಬಾಟಲಿಯನ್ನೂ ಬಿಡುವುದಿಲ್ಲ.