ಸರದಿಯಲ್ಲಿ ನಿಂತ ಪ್ಯಾಚ್

ಲಿನಕ್ಸ್ ಕರ್ನಲ್‌ನ ಡ್ರೈವರ್ ಒಂದರ ಹಳೆಯ ಕೋಡನ್ನು ಚೊಕ್ಕಟ ಮಾಡಿ ಕಳಿಸಿದ್ದೆ. ಪ್ಲೇಸ್‌ಮೆಂಟ್ ಹತ್ತಿರವಿತ್ತು, ರೆಸ್ಯೂಮೆಗೊಂದು ಸಾಲು ಸಿಗಲೆಂಬ ಆಸೆ. ಹತ್ತು ದಿನ ಉತ್ತರವಿಲ್ಲ. ಕೊನೆಗೆ ಬಂದದ್ದು: ‘ಆರ್‌ಸಿ-1 ಬಂದ ಮೇಲೆ ಮತ್ತೆ ಕಳಿಸಿ.’

ನಾನು ಕಳಿಸಿದ್ದು ಮರ್ಜ್ ವಿಂಡೋ ನಡುವೆ. ಆ 2 ವಾರ ಲೈನಸ್ ಟೊರ್ವಾಲ್ಡ್ಸ್ ಸೇರಿಸಿಕೊಳ್ಳುವುದು ವಿಭಾಗವಾರು ಮೇಂಟೇನರ್‌ಗಳು ಮೊದಲೇ ಪರಿಶೀಲಿಸಿಟ್ಟ ಕೆಲಸವನ್ನು. ಒಬ್ಬರ ಬದಲಾವಣೆ ಇನ್ನೊಬ್ಬರದ್ದನ್ನು ಕೆಡಿಸುತ್ತದೆಯೇ ಎಂದು ‘ಲಿನಕ್ಸ್-ನೆಕ್ಸ್ಟ್’ನಲ್ಲಿ ಕೂಡಿಸಿ ನೋಡಿಯೂ ಆಗಿರುತ್ತದೆ. ಪಂಕ್ತಿ ಕೂತ ಮೇಲೆ ತರಕಾರಿ ಹಿಡಿದು ಬಂದವನು ನಾನು! ಆರ್‌ಸಿ-1ರ ನಂತರ ವಾರಕ್ಕೊಂದು ಆರ್‌ಸಿ, ಸಾಮಾನ್ಯವಾಗಿ 7ರವರೆಗೆ. ಆಗ ದೋಷ ತಿದ್ದುವುದಷ್ಟೇ.

ಮತ್ತೆ ಕಳಿಸಿದೆ. ಮೇಂಟೇನರ್ ಒಪ್ಪಿ, ಮುಂದಿನ ವಿಂಡೋಗೆ ಎತ್ತಿಟ್ಟುಕೊಂಡರು. ಬಿಡುಗಡೆಗೆ ಇನ್ನೂ ಸುಮಾರು 4 ತಿಂಗಳು. ಇಂಟರ್‌ವ್ಯೂನಲ್ಲಿ ‘ಯಾವ ಆವೃತ್ತಿಯಲ್ಲಿದೆ?’ ಎಂದರು. ‘ಸರದಿಯಲ್ಲಿದೆ ಸರ್’ ಎಂದೆ. ಯಾಕೆಂದು ಕೇಳಿದರು. ಇದನ್ನೆಲ್ಲ ಹೇಳಲು ಹತ್ತು ನಿಮಿಷ ಹಿಡಿಯಿತು.