ಹಸು ಕೊಳ್ಳುವಾಗ ನೋಡುವಷ್ಟಾದರೂ ನೋಡಿ: ನರ್ಸಿಂಗ್ ಕಾಲೇಜು ಆರಿಸುವ ಬಗೆ



ಈ ಪುಟಗಳಲ್ಲಿ ನಾನು ಸಾಮಾನ್ಯವಾಗಿ ಕೆಚ್ಚಲು ಬಾವು, ಕಾಲುಬಾಯಿ ಜ್ವರ, ಬೆದೆಯ ಲಕ್ಷಣ, ಹಸಿರು ಮೇವು ಇಂಥ ವಿಷಯಗಳನ್ನು ಬರೆಯುವವನು. ಈ ಸಲ ವಿಷಯ ಬೇರೆ. ಅದಕ್ಕೆ ಕಾರಣ ನೀವೇ. ಲಕ್ಕೂರಿನಲ್ಲಿ ಬರಡು ರಾಸುಗಳ ಚಿಕಿತ್ಸಾ ಶಿಬಿರ ನಡೆಸಿದ ದಿನ ದ್ವಿತೀಯ ಪಿಯುಸಿ ಫಲಿತಾಂಶ ಬಂದು ವಾರವಾಗಿತ್ತು. ಹಗ್ಗ ಹಿಡಿದು ಸಾಲಿನಲ್ಲಿ ನಿಂತವರ ಪೈಕಿ ನಾಲ್ಕು ಜನ ರಾಸಿನ ವಿಷಯ ಮುಗಿದ ಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಡಾಕ್ಟ್ರೇ, ಮಗಳನ್ನ ನರ್ಸಿಂಗ್ ಸೇರಿಸೋಣ ಅಂತಿದೀವಿ. ಯಾವ ಕಾಲೇಜು ಒಳ್ಳೇದು?"

ನಾನು ದನದ ಡಾಕ್ಟರ್. ಆದರೂ ಕಾಲೇಜನ್ನು ಹೇಗೆ ಪರೀಕ್ಷಿಸಬೇಕು ಎಂದು ಹೇಳಬಲ್ಲೆ. ಆ ಪರೀಕ್ಷೆಯ ಅರ್ಧ ಭಾಗ ನಿಮಗೆ ಈಗಾಗಲೇ ಗೊತ್ತು.

ಒಂದು ಮನೆಯಲ್ಲಿ ನಡೆದದ್ದು

ಇದೇ ಹೋಬಳಿಯ ಒಂದು ಸಂಘದ ಸದಸ್ಯರು. ಹೆಸರು ಬೇಡ. ಒಂದೂವರೆ ಎಕರೆ ಜಮೀನು, ಬೋರ್‌ವೆಲ್‌ನಲ್ಲಿ ನೀರಿದ್ದರೆ ಟೊಮೆಟೊ, ಇಲ್ಲದಿದ್ದರೆ ಹಾಲೇ ಆಧಾರ. ದೊಡ್ಡ ಮಗಳು ಪಿಯುಸಿ ವಿಜ್ಞಾನದಲ್ಲಿ ಪಾಸಾದಳು. ಪರಿಚಯದವರ ಮೂಲಕ ಒಬ್ಬ ಏಜೆಂಟ್ ಮನೆಗೇ ಬಂದ. ಕೈಯಲ್ಲಿ ಬಣ್ಣದ ಕರಪತ್ರ, ಅದರಲ್ಲಿ ಐದಂತಸ್ತಿನ ಕಟ್ಟಡ. "ಇನ್ನು ಎರಡೇ ಸೀಟು ಉಳಿದಿವೆ, ಇವತ್ತೇ ಮುಂಗಡ ಕೊಟ್ಟರೆ ಹಾಸ್ಟೆಲ್ ಫ್ರೀ" ಎಂದ. ಇವರು ಕರೆಯುತ್ತಿದ್ದ ಎರಡು ಹಸು ಮಾರಿ ಹಣ ಕಟ್ಟಿದರು. ಮೂಲ ಅಂಕಪಟ್ಟಿಗಳನ್ನೂ ಅವನ ಕೈಗೇ ಕೊಟ್ಟರು.

ಎರಡನೆಯ ವರ್ಷ ಯುಗಾದಿಗೆ ಹುಡುಗಿ ಊರಿಗೆ ಬಂದಿದ್ದಾಗ ಅಜ್ಜಿಗೆ ತಲೆಸುತ್ತು ಬಂತು. ಆಶಾ ಕಾರ್ಯಕರ್ತೆ ಬಿ.ಪಿ. ಯಂತ್ರ ತಂದು, "ನೀನೇ ನೋಡಮ್ಮ, ನರ್ಸ್ ಓದ್ತಿದೀಯಲ್ಲ" ಎಂದರು. ಹುಡುಗಿ ಪಟ್ಟಿ ಸುತ್ತಲು ಹೋಗಿ ಹಾಗೇ ನಿಂತುಬಿಟ್ಟಳು. ಬೊಂಬೆಯ ಕೈಗೆ ಸುತ್ತಿದ್ದಳೇ ಹೊರತು ರೋಗಿಯ ಕೈ ಮುಟ್ಟಿದ್ದು ಕಡಿಮೆ. ಒಂದೂವರೆ ವರ್ಷದಲ್ಲಿ ವಾರ್ಡಿಗೆ ಕರೆದುಕೊಂಡು ಹೋದದ್ದು ಬೆರಳೆಣಿಕೆಯ ದಿನ ಎಂಬುದು ಮನೆಯವರಿಗೆ ತಿಳಿದದ್ದು ಆ ರಾತ್ರಿ.

ಸ್ವಲ್ಪ ದಿನದ ಮೇಲೆ ಅವರ ಮನೆಯ ಹಸುವಿಗೆ ಹಾಲುಜ್ವರ ಬಂದು ರಾತ್ರಿ ಹತ್ತಕ್ಕೆ ಹೋಗಿದ್ದೆ. ನಾನು ಕ್ಯಾಲ್ಸಿಯಂ ಕೊಡುತ್ತಿದ್ದಾಗ ಬಾಟಲಿ ಎತ್ತಿ ಹಿಡಿದು ನಿಂತವಳು ಅದೇ ಹುಡುಗಿ. ಕೈ ಒಂದಿಷ್ಟೂ ಅಲುಗಲಿಲ್ಲ. ಅವಳ ತಂದೆ ಆಗ ಹೇಳಿದ ಮಾತು ನನಗೆ ಮರೆತಿಲ್ಲ: "ಹಸು ತಗೋಬೇಕಾದ್ರೆ ನಿಮ್ಮನ್ನ ಕರ್ಕೊಂಡು ಹೋಗ್ತೀನಿ ಡಾಕ್ಟ್ರೇ. ಮಗಳನ್ನ ಸೇರಿಸಬೇಕಾದ್ರೆ ಯಾರನ್ನೂ ಕೇಳಲಿಲ್ಲ."

ಯಾವ ಕೋರ್ಸು?

ಮೊದಲು ಕೋರ್ಸುಗಳನ್ನು ತಿಳಿಯೋಣ.

1. ಎ.ಎನ್.ಎಂ.: 2 ವರ್ಷ, ಹೆಣ್ಣುಮಕ್ಕಳಿಗೆ ಮಾತ್ರ. ಉಪಕೇಂದ್ರಗಳಲ್ಲಿ ಬಾಣಂತಿ, ಮಕ್ಕಳ ಲಸಿಕೆ ನೋಡಿಕೊಳ್ಳುವ ಸಿಸ್ಟರ್ ಓದಿರುವುದು ಇದನ್ನೇ.

2. ಜಿ.ಎನ್.ಎಂ.: 3 ವರ್ಷದ ಡಿಪ್ಲೊಮಾ. ಪಿಯುಸಿಯಲ್ಲಿ ವಿಜ್ಞಾನ ಓದದವರೂ ಸೇರಬಹುದು. ಇದನ್ನು ಮುಗಿಸಿದವರು ಮುಂದೆ 2 ವರ್ಷದ ಪೋಸ್ಟ್ ಬೇಸಿಕ್ ಓದಿ ಪದವಿ ಪಡೆಯಬಹುದು.

3. ಬಿ.ಎಸ್ಸಿ. ನರ್ಸಿಂಗ್: 4 ವರ್ಷದ ಪದವಿ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರದ ಜೊತೆಗೆ ಇಂಗ್ಲಿಷ್ ಇರಬೇಕು. ವಿಜ್ಞಾನ ವಿಷಯಗಳಲ್ಲಿ ಒಟ್ಟು ಶೇ. 45 ಅಂಕ ಬೇಕು; ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 40 ಸಾಕು. 2021-22ರಿಂದ ಇದು ಎಂಟು ಸೆಮಿಸ್ಟರ್‌ಗಳ ಕೋರ್ಸ್ ಆಗಿದೆ.

ಜಿ.ಎನ್.ಎಂ. ಮತ್ತು ಬಿ.ಎಸ್ಸಿ.ಗೆ ಗಂಡುಮಕ್ಕಳೂ ಸೇರಬಹುದು.

ಇವಲ್ಲದೆ ಆರು ತಿಂಗಳ, ಒಂದು ವರ್ಷದ "ನರ್ಸಿಂಗ್ ಅಸಿಸ್ಟೆಂಟ್" ಮುಂತಾದ ತರಬೇತಿಗಳೂ ಇವೆ. ಆಸ್ಪತ್ರೆಯಲ್ಲಿ ಸಹಾಯಕರಾಗಿ ಕೆಲಸ ಮಾಡಲು ಅವು ಉಪಯೋಗಕ್ಕೆ ಬರಬಹುದು. ಆದರೆ ಅದನ್ನು ಓದಿದವರು ನೋಂದಾಯಿತ ನರ್ಸ್ ಆಗುವುದಿಲ್ಲ. ಈ ಎರಡಕ್ಕೂ ಇರುವ ವ್ಯತ್ಯಾಸ ತಿಳಿಯದೆ ಹಣ ಕಟ್ಟಿದವರು ನಮ್ಮ ತಾಲ್ಲೂಕಿನಲ್ಲೂ ಇದ್ದಾರೆ.

ಕಾಗದಪತ್ರ ನೋಡುವುದು

ಓದು ಮುಗಿದ ಮೇಲೆ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. ಆ ನೋಂದಣಿ ಸಂಖ್ಯೆ ಇಲ್ಲದೆ ಸರ್ಕಾರಿ ಕೆಲಸವೂ ಇಲ್ಲ, ಹೊರದೇಶದ ಕೆಲಸವೂ ಇಲ್ಲ. ಆದ್ದರಿಂದ ಕಾಲೇಜಿನಲ್ಲಿ ಮೂರು ಕಾಗದ ಕೇಳಿ: ಸರ್ಕಾರದ ಅನುಮತಿ ಆದೇಶ, ರಾಜ್ಯ ಶುಶ್ರೂಷಾ ಪರಿಷತ್ತಿನ ಮಾನ್ಯತೆ ಮತ್ತು ಈ ಸಾಲಿನ ಸಂಯೋಜನೆ ಪತ್ರ. ರಾಜ್ಯದ ಬಹುತೇಕ ಬಿ.ಎಸ್ಸಿ. ಕಾಲೇಜುಗಳು 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆಯಲ್ಲಿವೆ. ಜಿ.ಎನ್.ಎಂ. ಆದರೆ ರಾಜ್ಯದ ನರ್ಸಿಂಗ್ ಡಿಪ್ಲೊಮಾ ಪರೀಕ್ಷಾ ಮಂಡಳಿಯ ಪಟ್ಟಿಯಲ್ಲಿ ಸಂಸ್ಥೆಯ ಹೆಸರಿದೆಯೇ ನೋಡಿ. ಎಷ್ಟು ಸೀಟಿಗೆ ಅನುಮತಿ ಇದೆ, ಯಾವ ವರ್ಷದ ಪತ್ರ ಎಂಬುದನ್ನೂ ಓದಿ. ಹಳೆಯ ಪತ್ರ ತೋರಿಸಿದರೆ ಈ ವರ್ಷದ್ದನ್ನು ಕೇಳಿ.

ಕರಪತ್ರಗಳ ಮೇಲೆ "ಐ.ಎನ್.ಸಿ. ಮಾನ್ಯತೆ" ಎಂದು ದಪ್ಪಕ್ಷರದಲ್ಲಿ ಇರುತ್ತದೆ. ಐ.ಎನ್.ಸಿ. ಎಂದರೆ 1947ರ ಕಾಯ್ದೆಯಂತೆ ರಚನೆಯಾದ ಭಾರತೀಯ ಶುಶ್ರೂಷಾ ಪರಿಷತ್ತು. ಕಾಲೇಜುಗಳಿಗೆ ಮಾನ್ಯತೆ ನೀಡುವ ಅಧಿಕಾರ ಅದಕ್ಕಿಲ್ಲ ಎಂದು ಕರ್ನಾಟಕ ಹೈಕೋರ್ಟ್ 2017ರಲ್ಲಿ ತೀರ್ಪು ನೀಡಿತ್ತು. ಹಳೆಯ ಕಾಯ್ದೆಯ ಜಾಗಕ್ಕೆ ರಾಷ್ಟ್ರೀಯ ಆಯೋಗವನ್ನು ತರುವ ಹೊಸ ಕಾಯ್ದೆಯನ್ನು 2023ರಲ್ಲಿ ಸಂಸತ್ತು ಅಂಗೀಕರಿಸಿದೆ. ಹೀಗಿರುವಾಗ ಕರಪತ್ರದ ಒಂದು ಸಾಲು ನೋಡಿ ಸಮಾಧಾನಪಡಬೇಡಿ. ಮೇಲೆ ಹೇಳಿದ ಮೂರು ಕಾಗದಗಳನ್ನು ಕಣ್ಣಾರೆ ನೋಡಿ, ಜೆರಾಕ್ಸ್ ಪಡೆಯಿರಿ. ಮಗಳು ಮುಂದೆ ಬೇರೆ ರಾಜ್ಯಕ್ಕೋ ಹೊರದೇಶಕ್ಕೋ ಹೋಗುವ ಆಸೆ ಇಟ್ಟುಕೊಂಡಿದ್ದರೆ, ಇಲ್ಲಿ ಓದಿದವರಿಗೆ ಅಲ್ಲಿ ನೋಂದಣಿ ಹೇಗೆ ಎಂದು ಶುಶ್ರೂಷಾ ಪರಿಷತ್ತಿನಲ್ಲೇ ವಿಚಾರಿಸಿ.

ಆಸ್ಪತ್ರೆ ಎಲ್ಲಿದೆ?

ಇದು ಎಲ್ಲಕ್ಕಿಂತ ಮುಖ್ಯ ಪ್ರಶ್ನೆ.

ನಾವು ಹಸು ಕೊಳ್ಳುವಾಗ ಮೈಬಣ್ಣ ನೋಡಿ ದುಡ್ಡು ಕೊಡುವುದಿಲ್ಲ. ಹಲ್ಲು ನೋಡುತ್ತೇವೆ, ನಾಲ್ಕೂ ತೊಟ್ಟು ಹಿಂಡುತ್ತೇವೆ, ಬುದ್ಧಿವಂತರಾದರೆ ಮೂರು ಹೊತ್ತಿನ ಹಾಲು ನಿಂತು ಅಳೆಯುತ್ತೇವೆ. ಏಕೆಂದರೆ ಹಿಂದಿನ ಹೊತ್ತು ಕರೆಯದೆ ಬಿಟ್ಟು ಕೆಚ್ಚಲು ತುಂಬಿಸಿ ತೋರಿಸುವ ವ್ಯಾಪಾರಿಗಳಿದ್ದಾರೆ. ನರ್ಸಿಂಗ್ ಕಾಲೇಜಿಗೆ ಕಟ್ಟಡ ಎಂಬುದು ಮೈಬಣ್ಣವಿದ್ದಂತೆ. ಹಾಲು ಇರುವುದು ವಾರ್ಡಿನಲ್ಲಿ.

ನಾನು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದುವಾಗ ಗರ್ಭಪರೀಕ್ಷೆಯನ್ನು ಪುಸ್ತಕದಲ್ಲಿ ಎಷ್ಟು ಸಲ ಓದಿದರೂ ಬಂದಿರಲಿಲ್ಲ. ನೂರಾರು ಹಸುಗಳಿಗೆ ಕೈ ಹಾಕಿ ನೋಡಿದ ಮೇಲೆ ಬೆರಳಿಗೆ ತಿಳಿಯತೊಡಗಿತು. ನರ್ಸ್ ಕೆಲಸವೂ ಹಾಗೆಯೇ. ಸೂಜಿ ಹಾಕಲು ರಕ್ತನಾಳ ಹುಡುಕುವುದು, ಗಾಯಕ್ಕೆ ಡ್ರೆಸ್ಸಿಂಗ್ ಮಾಡುವುದು, ಹೆರಿಗೆ ನೋವಿನಲ್ಲಿರುವ ಹೆಣ್ಣಿಗೆ ಧೈರ್ಯ ಹೇಳುವುದು, ರೋಗಿಯ ಮುಖ ನೋಡಿ ಅಪಾಯ ಗುರುತಿಸುವುದು, ಇವನ್ನೆಲ್ಲ ಕಲಿಸುವವರು ರೋಗಿಗಳೇ. ರೋಗಿಗಳಿಲ್ಲದ ಕಡೆ ಈ ವಿದ್ಯೆ ಬಾರದು.

ಹಳೆಯ ಸಂಸ್ಥೆಗಳಲ್ಲಿ ಆಸ್ಪತ್ರೆ ಮೊದಲು, ಶಾಲೆ ಆಮೇಲೆ ಬಂತು. ಕೋಲಾರದ ಇ.ಟಿ.ಸಿ.ಎಂ. ಆಸ್ಪತ್ರೆಯನ್ನು ಮೆಥಡಿಸ್ಟ್ ಮಿಷನ್‌ನವರು ಆರಂಭಿಸಿದ್ದು 1910ರಲ್ಲಿ. ನರ್ಸ್ ತರಬೇತಿ ಅದರ ಮಡಿಲಲ್ಲಿ ಬೆಳೆಯಿತು. ಟಮಕದಲ್ಲಿ ದೇವರಾಜ ಅರಸ್ ಹೆಸರಿನ ನರ್ಸಿಂಗ್ ಕಾಲೇಜಿನ ಜೊತೆಗೆ ನಾವೆಲ್ಲ ಬಲ್ಲ ಜಾಲಪ್ಪ ಆಸ್ಪತ್ರೆ ಇದೆ. ಬೆಂಗಳೂರಿನ ಕೋಟೆ ಪ್ರದೇಶದ ಸರ್ಕಾರಿ ನರ್ಸಿಂಗ್ ಕಾಲೇಜಿನ ಹತ್ತಿರವೇ 1900ರಲ್ಲಿ ಆರಂಭವಾದ ವಿಕ್ಟೋರಿಯಾ ಆಸ್ಪತ್ರೆ ಇದೆ. ಇಲ್ಲಿಗೇ ಸೇರಿಸಿ ಎಂದು ನಾನು ಹೇಳುತ್ತಿಲ್ಲ. ಕಾಲೇಜಿನ ಬೆನ್ನಿಗೆ ಆಸ್ಪತ್ರೆ ಇರುವುದು ಎಂದರೇನು ಎಂಬುದಕ್ಕೆ ಇವು ಉದಾಹರಣೆ.

ಬಿ.ಎಸ್ಸಿ. ಕಾಲೇಜಿಗೆ 100 ಹಾಸಿಗೆಯ ಸ್ವಂತ ಆಸ್ಪತ್ರೆ ಇರಬೇಕು, ಒಬ್ಬ ವಿದ್ಯಾರ್ಥಿಗೆ 3 ರೋಗಿಗಳ ಲೆಕ್ಕ ಇರಬೇಕು, 10 ವಿದ್ಯಾರ್ಥಿಗಳಿಗೆ ಒಬ್ಬ ಬೋಧಕರಿರಬೇಕು ಎಂದು ಐ.ಎನ್.ಸಿ.ಯ ನಿಯಮ ಹೇಳುತ್ತದೆ. ನಿಯಮ ಕಾಗದದಲ್ಲಿದೆಯೋ ವಾರ್ಡಿನಲ್ಲಿದೆಯೋ ಎಂದು ತಿಳಿಯಲು ಹೀಗೆ ಮಾಡಿ:

1. ಹೇಳದೆ ಕೇಳದೆ ಒಂದು ಸಾಮಾನ್ಯ ದಿನ, ಬೆಳಿಗ್ಗೆ ಹತ್ತು ಗಂಟೆಗೆ ಹೋಗಿ. ಜೊತೆಯಲ್ಲಿ ಮಗಳಿರಲಿ.

2. ಕಾಲೇಜಿನ ಆಫೀಸಿಗೆ ಹೋಗುವ ಮೊದಲು ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಹೋಗಿ ಅರ್ಧ ಗಂಟೆ ಕುಳಿತುಕೊಳ್ಳಿ. ಚೀಟಿ ಮಾಡಿಸಲು ಜನ ಸಾಲಿನಲ್ಲಿ ನಿಂತಿದ್ದಾರೆಯೇ ನೋಡಿ.

3. ಸಮವಸ್ತ್ರದ ಮಕ್ಕಳು ವಾರ್ಡುಗಳಲ್ಲಿ ಓಡಾಡುತ್ತಿದ್ದಾರೆಯೇ? ಅವರ ಜೊತೆ ಕಲಿಸುವ ಮೇಡಂ ಇದ್ದಾರೆಯೇ?

4. "ಬೇರೆ ಆಸ್ಪತ್ರೆಗೆ ಕಳಿಸುತ್ತೇವೆ" ಎಂದರೆ ಯಾವ ಆಸ್ಪತ್ರೆ, ಎಷ್ಟು ದೂರ, ವಾರಕ್ಕೆ ಎಷ್ಟು ದಿನ, ಬಸ್ಸು ಯಾರದು ಎಂದು ಕೇಳಿ.

5. ಮೂರನೆಯ, ನಾಲ್ಕನೆಯ ವರ್ಷದ ಮಕ್ಕಳನ್ನು ಕ್ಯಾಂಟೀನ್ ಹತ್ತಿರ ಮಾತನಾಡಿಸಿ. ಎಷ್ಟು ಹೆರಿಗೆ ನೋಡಿದ್ದೀರಿ, ರಾತ್ರಿ ಪಾಳಿ ಮಾಡಿದ್ದೀರಾ ಎಂದು ಕೇಳಿ. ಈ ವಿಚಾರಣೆ ಹೆಣ್ಣುಮಕ್ಕಳೇ ಮಾಡುವುದು ಒಳ್ಳೆಯದು. ತಾಯಂದಿರು ಹೋದರೆ ಅವರು ಬಿಚ್ಚು ಮನಸ್ಸಿನಿಂದ ಹೇಳುತ್ತಾರೆ.

ಇನ್ನೊಂದು ಎಚ್ಚರಿಕೆ. "ದಿನಾ ಬರುವುದು ಬೇಡ, ಪರೀಕ್ಷೆಗೆ ಬಂದರೆ ಸಾಕು" ಎಂದು ಯಾರಾದರೂ ಹೇಳಿದರೆ ಅದನ್ನು ಸೌಲಭ್ಯ ಎಂದು ತಿಳಿಯದೆ ಎದ್ದು ಬನ್ನಿ. ಪರೀಕ್ಷೆಗೆ ಕೂರಲು ಶೇ. 80 ಹಾಜರಾತಿ ಬೇಕು. ಪದವಿ ಕೊಡುವ ಮೊದಲು ವಾರ್ಡಿನ ಕೆಲಸ ಪೂರ್ತಿ ಆಗಿರಬೇಕು. ಹಾಜರಾತಿಯನ್ನು ಮಾರುವವನ ಹತ್ತಿರ ವಿದ್ಯೆ ಸಿಗುವುದಿಲ್ಲ.

ಟವಲ್ಲಿನ ಕೆಳಗಿನ ವ್ಯಾಪಾರ

ದನದ ಜಾತ್ರೆಯಲ್ಲಿ ದಲ್ಲಾಳಿ ಟವಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಹೇಳುತ್ತಾನೆ. ಅಲ್ಲಿಯೂ ಕಣ್ಣ ಮುಂದೆ ಹಸುವಾದರೂ ನಿಂತಿರುತ್ತದೆ. ಸೀಟಿನ ದಲ್ಲಾಳಿಯ ಮುಂದೆ ಕರಪತ್ರ ಬಿಟ್ಟರೆ ಏನೂ ಇರುವುದಿಲ್ಲ. ಆದ್ದರಿಂದ ಹಣವನ್ನು ಏಜೆಂಟರ ಕೈಗೆ ಕೊಡಬೇಡಿ. ಕಾಲೇಜಿನ ಹೆಸರಿನಲ್ಲಿ ಬ್ಯಾಂಕಿನ ಮೂಲಕವೇ ಕಟ್ಟಿ, ರಸೀದಿ ಪಡೆಯಿರಿ. ಮೂಲ ಅಂಕಪಟ್ಟಿ, ವರ್ಗಾವಣೆ ಪತ್ರ ಕೊಡಬೇಕಾದರೆ ಕಾಲೇಜಿಗೇ ಕೊಟ್ಟು ಸ್ವೀಕೃತಿ ಬರೆಸಿಕೊಳ್ಳಿ. ಪ್ರತಿಗಳು ಮನೆಯಲ್ಲಿರಲಿ.

ಮೊದಲ ವರ್ಷದ ಶುಲ್ಕ ಮಾತ್ರ ಕೇಳಿ ಬರಬೇಡಿ. ಬೋಧನಾ ಶುಲ್ಕ, ಹಾಸ್ಟೆಲ್, ಊಟ, ಸಮವಸ್ತ್ರ, ಪುಸ್ತಕ, ಪರೀಕ್ಷಾ ಶುಲ್ಕ, ಆಸ್ಪತ್ರೆಗೆ ಹೋಗಿಬರುವ ಬಸ್ಸು ಎಲ್ಲ ಸೇರಿ ಕೊನೆಯ ವರ್ಷದವರೆಗೆ ಎಷ್ಟಾಗುತ್ತದೆ ಎಂದು ಬರವಣಿಗೆಯಲ್ಲಿ ಪಡೆಯಿರಿ. ನಡುವೆ ಬಿಟ್ಟರೆ ಏನು ನಿಯಮ ಎಂದೂ ಕೇಳಿ. ಆ ಮೊತ್ತವನ್ನು ನಿಮ್ಮ ಹಾಲಿನ ಬಟವಾಡೆಗೆ ಹೋಲಿಸಿ ನೋಡಿ.

ಹಾಗೆಂದು ಕರೆಯುವ ಹಸುಗಳನ್ನು ಮಾರಬೇಡಿ. ತಿಂಗಳ ಖರ್ಚಿಗೆ ಹಣ ಕೊಡುವುದೇ ಅವು. ಬ್ಯಾಂಕಿನ ಶಿಕ್ಷಣ ಸಾಲದಲ್ಲಿ ಸಾಮಾನ್ಯವಾಗಿ 4 ಲಕ್ಷ ರೂಪಾಯಿವರೆಗೆ ಆಸ್ತಿ ಅಡಮಾನ ಕೇಳುವುದಿಲ್ಲ. ಹೆತ್ತವರು ಜೊತೆಗೆ ಸಹಿ ಹಾಕಬೇಕು. ಸಾಲ ಕೊಡುವಾಗ ಬ್ಯಾಂಕಿನವರು ಕಾಲೇಜಿನ ಮಾನ್ಯತೆಯನ್ನು ಪರಿಶೀಲಿಸುತ್ತಾರೆ. ಅದೂ ನಿಮಗೆ ಒಂದು ಪರೀಕ್ಷೆ ಆದಂತೆ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು.

ಸಿ.ಇ.ಟಿ. ಮರೆಯಬೇಡಿ

ಬಿ.ಎಸ್ಸಿ. ನರ್ಸಿಂಗ್‌ನ ಸರ್ಕಾರಿ ಸೀಟುಗಳನ್ನು ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಸಿ.ಇ.ಟಿ. ಮೂಲಕ ಹಂಚುತ್ತದೆ. ಇದರ ಅರ್ಜಿ ಪಿಯುಸಿ ಪರೀಕ್ಷೆಗೂ ಮೊದಲೇ ಹಾಕಬೇಕಾಗುತ್ತದೆ. ಫಲಿತಾಂಶ ಬಂದ ಮೇಲೆ ಎಚ್ಚೆತ್ತವರಿಗೆ ಏಜೆಂಟನೇ ಗತಿಯಾಗುವುದು ಇದರಿಂದಲೇ. ನಮ್ಮ ಮಕ್ಕಳಲ್ಲಿ ಬಹಳಷ್ಟು ಜನ 1ರಿಂದ 10ನೇ ತರಗತಿಯವರೆಗೆ ಹಳ್ಳಿಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದವರು. ಅವರಿಗೆ ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿ ಸಿಗುತ್ತದೆ. ಶಾಲೆಯ ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ, ನಾಡಕಚೇರಿಯ ಜಾತಿ ಮತ್ತು ಆದಾಯ ಪತ್ರ ಇವನ್ನು ದೀಪಾವಳಿ ಹೊತ್ತಿಗೇ ಸಿದ್ಧಪಡಿಸಿಕೊಳ್ಳಿ.

ಪಾಠ, ಪರೀಕ್ಷೆ ಎಲ್ಲ ಇಂಗ್ಲಿಷಿನಲ್ಲಿರುತ್ತದೆ. ಮೊದಲ ವರ್ಷ ಕನ್ನಡ ಮಾಧ್ಯಮದ ಮಕ್ಕಳು ಕಂಗಾಲಾಗುವುದು ಸಹಜ. ಅದು ದಡ್ಡತನವಲ್ಲ. ವಾರ್ಡಿನಲ್ಲಿ ಕನ್ನಡ, ತೆಲುಗು ಎರಡೂ ಬಲ್ಲ ಹುಡುಗಿಯ ಬೆಲೆ ಏನೆಂದು, ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ತಮ್ಮ ನೋವನ್ನು ಹೇಳಿಕೊಳ್ಳಲಾಗದೆ ಮಲಗಿದ್ದ ನಮ್ಮೂರಿನ ಅಜ್ಜಿಯರನ್ನು ಕೇಳಿ.

ಕೊನೆಯದಾಗಿ, ಮಗಳನ್ನೇ ಕೇಳಿ. ರಕ್ತ ನೋಡಿದರೆ ತಲೆ ತಿರುಗುವ, ಬೇರೆ ಓದು ಬಯಸುವ ಮಗುವನ್ನು ಬಲವಂತವಾಗಿ ಸೇರಿಸಬೇಡಿ.

ಆ ಹುಡುಗಿಯ ವಿಷಯ

ಮೇಲೆ ಹೇಳಿದ ಹುಡುಗಿ ಆ ಕಾಲೇಜು ಬಿಟ್ಟಳು. ಮೂಲ ಅಂಕಪಟ್ಟಿ ಬಿಡಿಸಿಕೊಳ್ಳಲು ಅವಳ ತಂದೆ ಆರು ಸಲ ಅಲೆದರು. ಕಟ್ಟಿದ ಹಣ ಬರಲಿಲ್ಲ. ಮುಂದಿನ ಸಾಲಿನಲ್ಲಿ ಆಸ್ಪತ್ರೆಯೊಳಗೇ ಇರುವ ಒಂದು ಶಾಲೆಗೆ ಜಿ.ಎನ್.ಎಂ. ಸೇರಿದಳು. ಈ ಸಲ ಸೇರುವ ಮೊದಲು ತಾಯಿ ಮಗಳು ಇಬ್ಬರೂ ಎರಡು ದಿನ ಹೋಗಿ ವಾರ್ಡು ನೋಡಿ ಬಂದರು.

ಕಳೆದ ತಿಂಗಳು ಕರು ಹಾಕಿದ ಹಸು ನೋಡಲು ಹೋದಾಗ ಅವಳು ಊರಿಗೆ ಬಂದಿದ್ದಳು. ಅಜ್ಜಿಗೆ ಬಿ.ಪಿ. ನೋಡಿ, ಗೋಡೆಗೆ ತೂಗುಹಾಕಿದ್ದ ಕ್ಯಾಲೆಂಡರಿನ ಮೇಲೆ ಸಂಖ್ಯೆ ಬರೆಯುತ್ತಿದ್ದಳು. ಓದು ಮುಗಿಯಲು ಇನ್ನೂ ಒಂದು ವರ್ಷವಿದೆ. ಕಳೆದುಕೊಂಡ ಎರಡು ವರ್ಷದ ಲೆಕ್ಕವನ್ನು ಅವಳ ತಂದೆ ಈಗಲೂ ಹೇಳುತ್ತಾರೆ. ನೀವು ಆ ಲೆಕ್ಕ ಹೇಳುವಂತಾಗಬಾರದು ಎಂದೇ ಇಷ್ಟು ಬರೆದೆ.

ಪಶುವೈದ್ಯ ವಿಸ್ತರಣಾಧಿಕಾರಿ
ಮಾಲೂರು ಶಿಬಿರ ಕಚೇರಿ